ನನ್ನೆದುರು ನಿಂತ ಮುಷ್ಟಿ

ನಾನು ಒಂದು ಹಲಗೆ. ಬಾಗಿಲಾಗಲಿಲ್ಲ, ಮಂಚವಾಗಲಿಲ್ಲ. ಹೊಡೆಸಿಕೊಳ್ಳುವುದಕ್ಕೆಂದೇ ಹುಟ್ಟಿದೆ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದ ಗುರುಶಾಂತಪ್ಪ ಮುಂಬೈಯಲ್ಲಿ ಕರಾಟೆ ಕಲಿತು ಬಂದಿದ್ದರು. ಬುಡ ದಪ್ಪಗಿರಬೇಕು, ಮೇಲೆ ಹೋದಂತೆ ತೆಳ್ಳಗಾಗಬೇಕು, ಹೊಡೆದರೆ ಬಾಗಿ ಮತ್ತೆ ನೆಟ್ಟಗೆ ನಿಲ್ಲಬೇಕು ಎಂದು ಬಡಗಿ ಇಸ್ಮಾಯಿಲ್‌ಸಾಬರಿಗೆ ಹೇಳಿ ನನ್ನನ್ನು ಮಾಡಿಸಿದರು. ಸಾಬರು ಉಳಿ ಕೆಳಗಿಟ್ಟು ಕೇಳಿದರು:

"ಹೊಡಿಯಾಕಂದ್ರ, ಈ ಕಟಗಿ ನಿಮಗೇನ್ ಮಾಡೇತ್ರಿ?"

ಗುರುಶಾಂತಪ್ಪ ನಕ್ಕರು. ಮಾತು ಕಡಿಮೆಯ ಮನುಷ್ಯ.

ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ನನ್ನ ಬುಡ ಹೂತರು. ನನ್ನ ತಲೆಗೆ ಪುಂಡಿ ನಾರಿನ ಹಗ್ಗ ಸುತ್ತಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನನಗೆ ಬಾಗಿ ನಮಸ್ಕರಿಸಿದರು. ಹೊಡೆಯುವ ಮುನ್ನ ಕೈ ಮುಗಿಸಿಕೊಂಡ ಕಟ್ಟಿಗೆ ಆ ಊರಿನಲ್ಲಿ ನಾನೊಂದೇ ಇರಬೇಕು. ಖಂಡೇನವಮಿಯ ದಿನ ಅವರು ವೆಲ್ಡಿಂಗ್ ಯಂತ್ರಕ್ಕೆ ಹಚ್ಚಿ ಉಳಿದ ಕುಂಕುಮವನ್ನು ನನಗೂ ಹಚ್ಚುತ್ತಿದ್ದರು. ಆ ದಿನ ಯಾರೂ ನನ್ನನ್ನು ಹೊಡೆಯುವಂತಿರಲಿಲ್ಲ.

ಆಗ ಬಂದವರು ಕೆಲವೇ ಹುಡುಗರು. ಮಾಂಜರಪಾಟದ ಅಂಗಿ, ಬರಿಗಾಲು, ಕೆಂಪು ಮಣ್ಣು. ಗುರುಶಾಂತಪ್ಪ ಅವರನ್ನು ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುತ್ತಿದ್ದರು. ಬೇಸತ್ತು ಬಿಟ್ಟವರೇ ಹೆಚ್ಚು. ಮುಂದೆ ಸಿನಿಮಾ ನೋಡಿ ಹೆಂಚು ಒಡೆಯುವ ಆಸೆಯಿಂದ ಒಂದು ಹಿಂಡು ಬಂತು. ಹೆಂಚು ತಿರುಗಿ ಹೊಡೆಯುವುದಿಲ್ಲ, ಹಲಗೆ ತಿರುಗಿ ತಳ್ಳುತ್ತದೆ. ಅದು ಗೊತ್ತಾದ ಕೂಡಲೇ ಅವರೂ ಹೋದರು.

ಎಲ್ಲರೂ ಹೋದ ಮೇಲೆ ಗುರುಶಾಂತಪ್ಪ ಒಬ್ಬರೇ ನನ್ನೆದುರು ನಿಲ್ಲುತ್ತಿದ್ದರು. ಪೂರ್ತಿ ಬಲದಿಂದ ಮುಷ್ಟಿ ಬರುತ್ತಿತ್ತು, ಹಗ್ಗದ ಎಳೆಗೆ ತಾಗುವಷ್ಟರಲ್ಲಿ ನಿಲ್ಲುತ್ತಿತ್ತು. ಗಾಳಿ ಮಾತ್ರ ನನ್ನನ್ನು ಮುಟ್ಟುತ್ತಿತ್ತು. ಅದು ಕೊನೆಯ ಪಾಠ. ವರ್ಷಗಟ್ಟಲೆ ಹೊಡೆದು ಗಟ್ಟಿಯಾದವರಿಗೆ ಮಾತ್ರ ಅದನ್ನು ಕಲಿಸಬೇಕು ಎಂಬುದು ಅವರ ಹಟ. ಅಲ್ಲಿಯವರೆಗೆ ಯಾರೂ ಉಳಿದಿರಲಿಲ್ಲ.

ಸುಮಂಗಲಾ ಉಳಿಯುತ್ತಾಳೆಂದು ನಮಗಿಬ್ಬರಿಗೂ ಅನ್ನಿಸಿತ್ತು. ರೈಲ್ವೆ ಗಾರ್ಡೊಬ್ಬರ ಮಗಳು, ಎರಡು ಜಡೆಯವಳು. ಗೆಣ್ಣು ಸುಲಿದರೂ ಸದ್ದು ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಕರಾಟೆಗೆ ಪಂದ್ಯಗಳು ಬಂದಿದ್ದವು, ಅಂಕಗಳು, ಬಾವುಟ ಹಿಡಿದ ತೀರ್ಪುಗಾರರು. ಬೆಳಗಾವಿಯ ಪಂದ್ಯದಲ್ಲಿ ಅವಳ ಗುದ್ದಿಗೆ ಎದುರಾಳಿಯ ತುಟಿ ಒಡೆಯಿತು. ಮುಟ್ಟಿದಂತೆ ಮಾಡಿ ನಿಲ್ಲಿಸಬೇಕಿತ್ತಂತೆ. ಬಾವುಟ ಎದುರಾಳಿಯ ಕಡೆಗೆ ಎದ್ದಿತು, ಸುಮಂಗಲಾ ಸೋತಳು.

ಮರುದಿನ ಅವಳು ನನ್ನ ಪಕ್ಕ ನಿಂತು ಕೇಳಿದಳು: "ನಿಲ್ಲಸೂದು ಯಾಕ್ ಕಲಸಲಿಲ್ರಿ ಸರ್?"

"ಹೊಡಿಯೂದ ಇನ್ನೂ ಬಂದಿಲ್ಲ ನಿನಗ," ಎಂದರು ಅವರು.

ಅವಳು ಅವರಿಗೆ ಬಾಗಿದಳು, ನನಗೂ ಬಾಗಿದಳು, ಹೋದಳು. ಗುರುಶಾಂತಪ್ಪ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರು. ಅವಳು ಮತ್ತೆ ಬರಲಿಲ್ಲ.

ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡುವಾಗ ಗುರುಶಾಂತಪ್ಪ ನನ್ನನ್ನು ಕಿತ್ತರು. ಅವರ ಬಾಡಿಗೆ ಮನೆ ಮಾಳಿಗೆಯ ಮೇಲಿತ್ತು, ನನ್ನನ್ನು ಹೂಳಲು ಮಣ್ಣಿರಲಿಲ್ಲ. ಕೇಶ್ವಾಪುರದಲ್ಲಿ ಸುಮಂಗಲಾ ತರಗತಿ ನಡೆಸುತ್ತಾಳೆಂದು ಕೇಳಿದ್ದರು. ಕೈಗಾಡಿಯಲ್ಲಿ ನನ್ನನ್ನು ಅಲ್ಲಿಗೆ ಕಳಿಸಿದರು, ಒಂದು ಮಾತನ್ನೂ ಕಳಿಸಲಿಲ್ಲ. ಅವಳು ನನ್ನ ಹಗ್ಗ ಸವರಿದಳು. ನೆಲ ಸಿಮೆಂಟಿನದು, ಮೇಲೆ ನೀಲಿ ಮ್ಯಾಟು. ಅವಳು ನನ್ನನ್ನು ಮೂಲೆಗೆ ಒರಗಿಸಿಟ್ಟಳು. ಮಕ್ಕಳು ನನಗೆ ಟಿಫಿನ್ ಚೀಲ ತೂಗುಹಾಕಿದರು. ಮಣ್ಣಿನ ನಂಟು ತಪ್ಪಿದ ಮೇಲೆ ನಾನು ಬರೀ ಗೂಟವಾಗಿದ್ದೆ. ಗುರುಶಿಷ್ಯೆಯರಿಬ್ಬರ ನಡುವಿನ ಮೌನಕ್ಕೂ ನಾನೇ ಗೂಟ. ಅದು ಹೀಗೇ ಉಳಿದು ಹೋಗುತ್ತದೇನೋ ಎಂಬ ಹೆದರಿಕೆ ಮಾತ್ರ ನನ್ನನ್ನು ಕೊರೆಯುತ್ತಿತ್ತು.

ಒಂದು ಖಂಡೇನವಮಿಯ ಸಂಜೆ ಬಾಗಿಲಲ್ಲಿ ಗುರುಶಾಂತಪ್ಪ ಕಾಣಿಸಿದರು, ಕೈಯಲ್ಲಿ ಕಾಗದದಲ್ಲಿ ಕಟ್ಟಿದ ಕುಂಕುಮ. ಒಳಗೆ ಬರಲಿಲ್ಲ. ಮಕ್ಕಳು ಜೋಡಿಯಾಗಿ ನಿಂತು ಅಭ್ಯಾಸ ಮಾಡುತ್ತಿದ್ದರು. ಪುಟ್ಟ ಮುಷ್ಟಿಗಳು ರಭಸದಿಂದ ಹೊರಟು, ಎದುರಿನ ಮೂಗಿನ ತುದಿಯಲ್ಲಿ ನಿಲ್ಲುತ್ತಿದ್ದವು. ಯಾವ ಕಣ್ಣೂ ಮಿಟುಕುತ್ತಿರಲಿಲ್ಲ.

ಸುಮಂಗಲಾ ಓಡಿ ಬಂದು ಕಾಲಿಗೆ ಬಿದ್ದಳು.

"ನಿಲ್ಲಸೂದು ಮೊದಲ ಕಲಸ್ತೀಯೇನವಾ?" ಎಂದು ಕೇಳಿದರು.

"ಹೌದ್ರಿ ಸರ್. ಹೊಡಿಯೂದು ಆಮ್ಯಾಲೆ."

"ಎಲ್ಲೆ ಹೊಡಸ್ತಿ?"

ಅವಳು ನನ್ನತ್ತ ನೋಡಿದಳು. "ನೆಲಾ ಸಿಮೆಂಟ್ ಐತಲ್ರಿ. ಹೂಳಾಕ ಬರೂದಿಲ್ಲ."

ಗುರುಶಾಂತಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಟಿಫಿನ್ ಚೀಲಗಳನ್ನು ಒಂದೊಂದಾಗಿ ತೆಗೆದು ಕೆಳಗಿಟ್ಟರು. ನನಗೆ ಕುಂಕುಮ ಹಚ್ಚಿ, ಬಾಗಿ, ಬುಡವನ್ನು ಗೇಣಿನಿಂದ ಅಳೆದರು.

"ಕಬ್ಬಿಣದ ಪಾದ ನಾ ಬೆಸದು ಕೊಡ್ತೀನಿ," ಎಂದರು. "ನಿಲ್ತೈತಿ."

ಈಗ ನಾನು ಕಬ್ಬಿಣದ ಕಾಲಿನ ಮುದುಕ. ಪುಂಡಿ ಹಗ್ಗ ಸವೆದಾಗ ಹೊಸದನ್ನು ಗುರುಶಾಂತಪ್ಪನವರೇ ಸುತ್ತುತ್ತಾರೆ. ಬಿಗಿ ಸಾಲದೆಂದು ಸುಮಂಗಲಾ ಗೊಣಗುತ್ತಾ ಮತ್ತೊಮ್ಮೆ ಎಳೆಯುತ್ತಾಳೆ. ನೀಲಿ ಮ್ಯಾಟಿನ ಮೇಲೆ ಮಕ್ಕಳು ಅಂಕಕ್ಕಾಗಿ ಜಿಗಿಯುತ್ತಾರೆ, ಮೂಲೆಗೆ ಬಂದು ನನಗೆ ಬಾಗುತ್ತಾರೆ. ಬಿದ್ದ ಪೆಟ್ಟುಗಳಲ್ಲಿ ಒಂದೂ ನನಗೆ ನೆನಪಿಲ್ಲ. ಬಂದು, ಮುಟ್ಟದೆ ನಿಂತ ಮುಷ್ಟಿಗಳ ಗಾಳಿ ಮಾತ್ರ ನಾರುನಾರಿನಲ್ಲೂ ಇದೆ. ತರಗತಿ ಮುಗಿದ ಮೇಲೆ ಗುರುಶಾಂತಪ್ಪ, ಸುಮಂಗಲಾ ಇಬ್ಬರೂ ನನ್ನೆದುರು ಅಕ್ಕಪಕ್ಕ ನಿಲ್ಲುತ್ತಾರೆ. ಎರಡು ಗಾಳಿಗಳು ಒಟ್ಟಿಗೆ ಬರುತ್ತವೆ.