ಒಂಬತ್ತು ಚಾಪೆಯ ದೂರ

ಕೆಂಪು ಬಣ್ಣ ಬಳಿದ ಆ ಬಿದಿರಿನ ಕಂಬಗಳು ನನಗೆ ಮೊದಲ ದಿನದಿಂದಲೇ ಆಗಿಬರಲಿಲ್ಲ. ಕಡಲಿಗೂ ನಮ್ಮ ಕೇರಿಗೂ ನಡುವಿನ ಮರಳಿನಲ್ಲಿ ಐದು ಕಂಬ ನೆಡಿಸಿದವರು ಪೇಟೆಯ ಒಂದು ಸಂಸ್ಥೆಯ ವೈಜಯಂತಿ ಮೇಡಂ. ಕಡಲು ದಂಡೆಯನ್ನು ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ತಿಂಗಳಿಗೊಮ್ಮೆ ಬಂದು ಕಂಬದಿಂದ ನೀರಿಗೆ ಟೇಪು ಹಿಡಿಯುತ್ತಾರಂತೆ. ದೂರ ಕಡಿಮೆಯಾದ ಕೇರಿಗೆ ಕಲ್ಲಿನ ತಡೆ, ಗಾಳಿಮರದ ಸಾಲು. ಮರ ನೆಟ್ಟು ಕಾಯುವುದು ಅವರ ಸಂಸ್ಥೆಯೂ ನಾವೂ ಸೇರಿ. ಹಿಂದೊಮ್ಮೆ ಹೀಗೇ ಬೆಣ್ಣೆ ಮಾತಾಡುತ್ತ ಬಂದವರು ಪಕ್ಕದ ಕೇರಿಯನ್ನು ಒಕ್ಕಲೆಬ್ಬಿಸಿದ್ದರು. ನಾನು ನಂಬಲಿಲ್ಲ.

ಅನುಮಾನದಲ್ಲಿ ನನ್ನ ಸೋದರತ್ತೆ ಮುತ್ತತ್ತೆ ನನಗಿಂತ ಒಂದು ಕೈ ಮೇಲು. ಕಡಲಿಗೆ ಎಲ್ಲರಿಗಿಂತ ಹತ್ತಿರ ಅವಳ ಮನೆ. ಇನ್ನೆರಡು ಮಳೆಗಾಲ ನಿಲ್ಲುವುದು ಕಷ್ಟವಿತ್ತು. ಆದರೂ ಮೇಡಂ ಬಂದರೆ ಮೀನು ಒಣಗಿಸುವ ಚಾಪೆಯಿಂದ ತಲೆ ಎತ್ತುತ್ತಿರಲಿಲ್ಲ. ಕುಡಿಯಲು ನೀರು ಕೂಡ ಕೊಡಲಿಲ್ಲ.

"ಟೇಪ್ ಹಿಡ್ದೇ ಕಾಣ್ಕಾ? ಕಡ್ಲ್ ಬಂದದ್ದ್ ನಮ್ಗೆ ಗೊತ್ತಿಲ್ಯಾ?" ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು.

ಮಳೆ ಹಿಡಿದ ಮೇಲೆ ನಾನೊಂದು ಸಂಗತಿ ಗಮನಿಸಿದೆ. ಕಂಬಗಳು ಮನೆಗಳ ಕಡೆ ಸರಿದಿದ್ದವು. ಹೊಸಿಲಿನಿಂದ ಹೆಜ್ಜೆ ಎಣಿಸಿದೆ. ಹದಿನೈದು ದಿನ ಬಿಟ್ಟು ಎಣಿಸಿದರೆ ಆರು ಹೆಜ್ಜೆ ಕಡಿಮೆ! ಗಡಿಯನ್ನು ಕದ್ದುಮುಚ್ಚಿ ಒಳಗೆ ತರುತ್ತಿದ್ದಾರೆಂದು ಮೈಯೆಲ್ಲ ಉರಿದುಹೋಯಿತು.

ಮಳೆ ಬಿಟ್ಟಾಗ ಕೇರಿಯವರನ್ನೆಲ್ಲ ಸೇರಿಸಿ ಮೇಡಂ ಮುಖಕ್ಕೇ ಹೇಳಿದೆ: "ನಮ್ಮ್ ಜಾಗ ನುಂಗುಕೆ ಬಂದದ್ದ್ ನೀವು, ಕಡ್ಲಲ್ಲ."

ಅವರ ಮುಖ ಬಿಗಿಯಿತು. "ನಾನೂ ಕೇಳಬೇಕು ಅಂತಿದ್ದೆ. ನಾಲ್ಕು ತಿಂಗಳಾದರೂ ಕಂಬಕ್ಕೂ ನೀರಿಗೂ ದೂರ ಕಡಿಮೆಯೇ ಆಗಿಲ್ಲ. ಇದನ್ನೇ ಬರೆದುಕೊಟ್ಟರೆ ನಿಮ್ಮ ಕೇರಿ ತಡೆ ಕಟ್ಟುವ ಪಟ್ಟಿಯಿಂದ ಹೋಗುತ್ತೆ. ಕಂಬ ಕಿತ್ತವರು ಯಾರು?"

ಎಲ್ಲರೂ ಎಲ್ಲರ ಮುಖ ನೋಡಿದರು. ನಾನು ಮೇಡಂ ಅವರನ್ನೇ ದಿಟ್ಟಿಸುತ್ತಿದ್ದೆ.

"ನಾನೇ ಎತ್ತಿಟ್ಟದ್ದ್," ಅಂದಳು ಮುತ್ತತ್ತೆ. "ನೀರ್ ಬುಡಕ್ಕೆ ಬಂದಿತ್ತ್. ಯಾರದ್ದೇ ಆಯ್ಲಿ, ಕಡ್ಲಿಗೆ ಹೋಪುದನ್ನ ಕಾಣ್ತಾ ನಿಲ್ಲುಕಾತ್ತಾ?"

ನಮ್ಮ ದಂಡೆಯ ರೂಢಿ ಅದು. ನೀರಿನಂಚಿನಲ್ಲಿ ದೋಣಿಯ ಹುಟ್ಟು ಇರಲಿ, ಬಲೆಯಿರಲಿ, ಮಾತು ಬಿಟ್ಟವನ ದೋಣಿಯೇ ಇರಲಿ, ಕಂಡವರು ಮೇಲಕ್ಕೆ ಎಳೆದಿಟ್ಟೇ ಹೋಗಬೇಕು. ಮೇಡಂಗೆ ಒಂದು ಲೋಟ ನೀರು ಕೊಡದವಳು ಅವರ ಐದೂ ಕಂಬಗಳನ್ನು ಮಳೆಗಾಲವಿಡೀ ಕಾಪಾಡಿದ್ದಳು. ಅದರಿಂದಲೇ ಅವಳ ಮನೆಗೆ ಕುತ್ತು ಬಂದಿತ್ತು. ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು.

ಮೇಡಂ ಟೇಪು ಸುತ್ತಿಟ್ಟು ಅತ್ತೆಯ ಹತ್ತಿರ ಬಂದರು. "ಮೊದಲಿನ ಜಾಗ ನೆನಪಿದೆಯಾ ಅಮ್ಮಾ?" ಎಂದರು.

"ನೆನ್ಪಿಲ್ದೆ? ಬೇಸ್ಗೆಯಲ್ಲ್ ನನ್ನ ಬಾಗ್ಲಿಂದ ಕಂಬದ ತನ್ಕ ಒಂಬತ್ತ್ ಚಾಪೆ ಹಾಸ್ತಿದ್ದೆ. ಈಗ ಹಾಸ್ರೆ ನೀರಿನ ತನ್ಕ ನಾಲ್ಕೇ."

ಅದನ್ನು ಕೇಳಿ ಉಳಿದ ಹೆಂಗಸರೂ ತಮ್ಮ ತಮ್ಮ ಬಾಗಿಲ ಚಾಪೆಗಳನ್ನು ಹೇಳತೊಡಗಿದರು. ಮೇಡಂ ಎಲ್ಲವನ್ನೂ ಬರೆದುಕೊಂಡರು. ನನ್ನ ಅನುಮಾನ ಆಗಲೂ ಪೂರ್ತಿ ಹೋಗಿರಲಿಲ್ಲ. ಬರೆದದ್ದನ್ನು ಇಣುಕಿ ಓದಿದೆ. ಸರಿಯಾಗಿತ್ತು.

ಅತ್ತೆಯ ಬಾಗಿಲಿನಿಂದ ಚಾಪೆ ಹಾಸುತ್ತ ಹೋದೆವು. ನಾಲ್ಕು ಮರಳಿನಲ್ಲಿ ಮುಗಿದವು. ಉಳಿದ ಐದನ್ನು ನಾನೂ ಮೇಡಂ ಅವರೂ ನೀರಿನ ಮೇಲೆ ಎಳೆದು ಹಿಡಿದು ಅಳೆದೆವು. ಒಂಬತ್ತನೆಯದು ಮುಗಿದಾಗ ಸೊಂಟದುದ್ದ ನೀರಿನಲ್ಲಿದ್ದೆವು. ಅತ್ತೆ ಸೀರೆ ಎತ್ತಿ ಕಟ್ಟಿ ಹಿಂದೆಯೇ ಬಂದಳು.

ಮೇಡಂ ಅಲ್ಲಿ ಕೆಂಪು ಕಂಬವನ್ನು ಊರಿದರು. ದೊಡ್ಡ ಅಲೆಯೊಂದು ಬಂದು ಅದನ್ನು ವಾಲಿಸಿತು. ಕಂಬವನ್ನು ಕೀಳಲು ಅತ್ತೆಯ ಕೈ ತಾನಾಗಿಯೇ ಚಾಚಿತು, ಅರ್ಧದಲ್ಲಿ ನಿಂತಿತು. ಆಮೇಲೆ ಅವಳು ಎರಡೂ ಕೈಯಿಂದ ಅದನ್ನು ಕೆಳಕ್ಕೆ ಒತ್ತಿ ಹಿಡಿದಳು.