ಬಸಿಗಾಲುವೆ ಮುಚ್ಚಿದ ನೀರುಗಂಟಿ

ಜವರಯ್ಯನ ಎದುರು ನೀರಿನ ಮಾತೆತ್ತುವವರು ಸ್ವಲ್ಪ ಯೋಚನೆ ಮಾಡಿ ಎತ್ತಬೇಕಿತ್ತು. ಬಸರಾಳಿನ ಕಡೆ ನಾಲೆಯ ಮೇಲೆ ಆಯಸ್ಸೆಲ್ಲ ನೀರುಗಂಟಿಯಾಗಿದ್ದ ಮನುಷ್ಯ. ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವಾಗ ನೀರು ತಿರುಗಿಸಬೇಕು, ಎಲ್ಲ ಅವನ ಬಾಯಲ್ಲೇ ಇತ್ತು. ಕೆಲಸ ಬಿಟ್ಟು ಮಂಡ್ಯದ ಮಗನ ಮನೆ ಸೇರಿದ ಮೇಲೂ ಆ ಗತ್ತು ಇಳಿದಿರಲಿಲ್ಲ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಎದ್ದು ಹೋಗಿ ಬೈದು ಬರುತ್ತಿದ್ದ.

ಹೀಗಿರುವಾಗ ಸೊಸೆ ಗಗನ ಹೆರಿಗೆಗೆಂದು ಮಳವಳ್ಳಿಯ ತೌರಿಗೆ ಹೊರಟಳು. ನಡುಮನೆಯ ಕಿಟಕಿ ಪಕ್ಕ ನಿಂತಿದ್ದ ರಬ್ಬರ್ ಗಿಡವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಆ ಗಿಡ ಅವಳಿಗೆ ಎಷ್ಟು ಬೇಕಾದ್ದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತೀರಿಕೊಂಡ ಅವಳಪ್ಪ, ಮೇಷ್ಟ್ರು, ಮಳವಳ್ಳಿಯ ಮನೆಯ ಜಗಲಿಯಲ್ಲಿ ಸಾಕಿದ್ದ ಗಿಡದ ಕಡ್ಡಿ ಅದು. ರಸ್ತೆ ಅಗಲ ಮಾಡುವಾಗ ಜಗಲಿಯೂ ಹೋಯಿತು, ತಾಯಿಗಿಡವೂ ಹೋಯಿತು. ಉಳಿದದ್ದು ಇದೊಂದೇ. ಆಳೆತ್ತರ ಬೆಳೆದು, ಅಂಗೈ ಅಗಲದ ದಪ್ಪ ಎಲೆ ಹೊತ್ತಿತ್ತು. ಗಗನ ಒದ್ದೆ ಬಟ್ಟೆ ಹಿಡಿದು ಒಂದೊಂದು ಎಲೆಯನ್ನೂ ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದಳು.

"ಮಾವ, ಮಣ್ಣಿಗೆ ಬೆರಳಿಟ್ಟು ನೋಡಿ. ಒಣಗಿದ್ರೆ ಮಾತ್ರ ನೀರು..." ಎಂದಳು ಹೊಸ್ತಿಲಲ್ಲಿ ನಿಂತು.

"ನೀರಿನ್ ಇಸ್ಯ ನಂಗ್ ಏಳ್ಕೊಟ್ಟೀಯ? ಉಸಾರಾಗ್ ಓಗ್ ಬಾ ಕಣವ್ವ" ಎಂದ ಜವರಯ್ಯ.

ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಶುರುವಾಯಿತು. ಹಾಕಿದ ನೀರು ಕುಂಡದ ತಳದಿಂದ ಸೋರಿ ಟೈಲ್ಸ್ ಮೇಲೆ ಹರಿಯಿತು. ನೀರು ಸೋರುವುದನ್ನು ಕಂಡು ಸುಮ್ಮನಿರುವ ಜನ್ಮ ಅವನದಲ್ಲ. ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರೆ ತಳದಲ್ಲಿ ತೂತು. ಯಾವ ಅಡ್ನಾಡಿ ಮಾಡಿದ ಕುಂಡವೋ ಎಂದು ಬೈದುಕೊಂಡು, ಹಿಂದಿನ ಖಾಲಿ ಸೈಟಿನಿಂದ ಜೇಡಿಮಣ್ಣು ತಂದು, ನಾಲೆಯ ಏರಿ ಒಡೆದಾಗ ಮೆತ್ತುತ್ತಿದ್ದ ಹಾಗೇ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೆತ್ತಿದ. ಆಮೇಲೆ ಒಂದು ತೊಟ್ಟೂ ಸೋರಲಿಲ್ಲ. ಅವತ್ತಿನ ಕಾಫಿ ಅವನಿಗೆ ಬಲು ರುಚಿಯಾಗಿತ್ತು.

ಕೆಲವು ದಿನಕ್ಕೆ ಕೆಳಗಿನ ಎಲೆ ಹಳದಿಯಾಗಿ ಉದುರಿತು. ನೀರು ಸಾಲದೇನೋ ಎಂದು ಮಧ್ಯಾಹ್ನಕ್ಕೂ ಒಂದು ಚೊಂಬು ಸೇರಿಸಿದ. ಇನ್ನೂ ನಾಲ್ಕಾರು ಎಲೆ ಬಿದ್ದವು.

ಕೊನೆಗೆ ಮೂಗು ಮುಚ್ಚಿಕೊಂಡು ಬಂದವಳು ಹೆಂಡತಿ ದೇವಿರಮ್ಮ. "ಈ ಮೂಲೇಲಿ ಏನೋ ಕೊಳ್ತ ವಾಸ್ನೆ ಒಡೀತದಲ್ಲ" ಎನ್ನುತ್ತ ಕುಂಡದ ಮಣ್ಣು ಮುಟ್ಟಿದಳು. ಬೆರಳು ಪೂರ್ತಿ ಇಳಿಯಿತು. "ಕುಂಡನೇ ಗದ್ದೆ ಮಾಡಿಟ್ಟಿದ್ದೀರಿ. ಇನ್ ನಾಟಿ ಒಂದ್ ಬಾಕಿ ಅದೆ."

ಜವರಯ್ಯನಿಗೆ ಆಗ ಹೊಳೆಯಿತು. ಜೌಗು. ಗದ್ದೆಯ ನೀರು ಹೊರಗೆ ಬಸಿಯುವ ಕಾಲುವೆಯನ್ನು ಆಸೆಗೆ ಬಿದ್ದು ಮುಚ್ಚಿ ಉತ್ತವರನ್ನು ಅವನು ಎಷ್ಟು ಜನ ನೋಡಿಲ್ಲ. ನೀರು ನಿಂತು, ಬೇರು ಕೊಳೆತು, ಚಿನ್ನದಂಥ ಭೂಮಿ ಜೌಗಾಗುತ್ತಿತ್ತು. ಬಸಿಗಾಲುವೆ ಮುಚ್ಚಿದವರನ್ನು ಊರ ಮುಂದೆ ನಿಲ್ಲಿಸಿ ಮಾನ ಕಳೆದವನು ಇವನೇ. ಈಗ ತನ್ನ ಕೈಯಾರೆ ಬಸಿಗಾಲುವೆ ಮುಚ್ಚಿ, ಸೊಸೆಗೆ ಅವಳಪ್ಪನದೆಂದು ಉಳಿದಿದ್ದ ಒಂದೇ ಒಂದು ಜೀವವನ್ನು ಮುಳುಗಿಸಿಬಿಟ್ಟಿದ್ದ. ನಾಚಿಕೆಯಿಂದ ಮಧ್ಯಾಹ್ನದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ವಿ.ಸಿ. ಫಾರಂ ಆಫೀಸಿನಿಂದ ಸಂಜೆ ಬಂದ ಮಗ ರಘುನಂದನ್ ಸುಲಭದ ದಾರಿ ಹೇಳಿದ. "ಅದಕ್ಯಾಕಪ್ಪ ಇಷ್ಟ್ ತಲೆ ಕೆಡಿಸ್ಕಂಡಿದ್ದೀಯ? ಮದ್ದೂರ್ ರೋಡಲ್ಲಿ ನರ್ಸರಿ ಅದೆ. ಇಷ್ಟೇ ಎತ್ರದ್ ಇನ್ನೊಂದ್ ತಂದ್ ಮಡುಗ್‌ಬುಡನ. ಅವ್ಳಿಗೆಲ್ ಗೊತ್ತಾಯ್ತದೆ?"

"ನಾಳೆ ನಾನ್ ಸತ್ರೆ, ಇಷ್ಟೇ ಎತ್ರದ್ ಇನ್ನೊಬ್ಬ ಅಪ್ಪನ್ ತಂದ್ ಕೂರಿಸ್ಕತೀಯೇನ್ಲಾ?"

ರಘುನಂದನ್ ಬಟ್ಟೆ ಬದಲಾಯಿಸಲು ಹೋದ.

ಜವರಯ್ಯ ಫೋನು ಎತ್ತಿಕೊಂಡ, ಕೆಳಗಿಟ್ಟ, ಹಿತ್ತಲಿಗೆ ಹೋಗಿ ಬಂದ, ಮತ್ತೆ ಎತ್ತಿಕೊಂಡ. ನೀರಿನ ವಿಷಯಕ್ಕೆ ಅವನು ಇವತ್ತಿನ ತನಕ ಒಬ್ಬರನ್ನೂ ಏನೂ ಕೇಳಿದವನಲ್ಲ.

"ಗಗನಾ, ನಿನ್ ಗಿಡನ ಜೌಗು ಮಾಡ್‌ಬುಟ್ಟೆ ಕಣವ್ವ. ತಳದ್ ತೂತ ನಾನೇ ಮುಚ್ದೆ. ಈಗೇನ್ ಮಾಡನ, ಏಳು."

ತುಂಬಿದ ಬಸುರಿ ಅತ್ತುಗಿತ್ತಾಳೆಂದು ಜವರಯ್ಯ ಫೋನನ್ನು ಕಿವಿಗೆ ಒತ್ತಿಕೊಂಡ.

"ತುದೀಲಿ ಕುಡಿ ಇನ್ನೂ ಕೆಂಪಗದಾ ಮಾವ?" ಎಂದಳು ಗಗನ.

ತಲೆಯೆತ್ತಿ ನೋಡಿದ. ಗಿಡದ ನೆತ್ತಿಯಲ್ಲಿ ಸುರುಳಿ ಸುತ್ತಿದ ಕೆಂಪು ಮೊನೆ ಇನ್ನೂ ನೆಟ್ಟಗಿತ್ತು. "ಅದೆ ಕಣವ್ವ."

"ಹಾಗಾದ್ರೆ ಬದುಕ್ತದೆ. ನಾನ್ ಹೇಳ್ದಂಗೆ ಮಾಡಿ."

ಅವಳು ಹೇಳಿದಳು, ಅವನು ಮಾಡಿದ. ಗಿಡದ ತಲೆಯನ್ನು ಹರಿತವಾದ ಚಾಕುವಿನಿಂದ ಕತ್ತರಿಸಿದ. ಬಿಳಿ ಹಾಲು ಇಳಿಯಿತು, ಒರೆಸಿ ಅದು ನಿಲ್ಲುವ ತನಕ ಕಾದ. ಆ ಕಡ್ಡಿಯನ್ನು ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ಬೇರೆ ಕುಂಡಕ್ಕೆ ನೆಟ್ಟ. ಬುಡದ ಬೇರು ತೊಳೆದು, ಕೊಳೆತದ್ದನ್ನು ತೆಗೆದು, ಬೆಳ್ಳಗೆ ಉಳಿದಿದ್ದ ನಾಲ್ಕು ಎಳೆಯನ್ನು ಹೊಸ ಮಣ್ಣಿಗಿಟ್ಟ. ಎರಡು ಕುಂಡದ ತೂತೂ ಬಾಯಿ ತೆರೆದುಕೊಂಡಿದ್ದವು. ಆಮೇಲಿನದೇ ಕಷ್ಟದ ಕೆಲಸ, ನೀರು ಹಾಕದೆ ಇರುವುದು. ಚೊಂಬು ಹಿಡಿದು ಬರುವನು, ಮಣ್ಣಿಗೆ ಬೆರಳಿಡುವನು, ತೇವ ಕಂಡು ಮುಖ ಸಪ್ಪಗೆ ಮಾಡಿಕೊಂಡು ವಾಪಸ್ಸು ಹೋಗುವನು. ದೇವಿರಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಗಗನಳಿಗೆ ಹೆಣ್ಣು ಮಗುವಾಗಿ ಎಲ್ಲರೂ ನೋಡಲು ಹೋದಾಗಲೂ ಇವನೊಬ್ಬ ಗಿಡದ ನೆಪ ಹೇಳಿ ಅವತ್ತೇ ಬಸ್ಸು ಹತ್ತಿ ಬಂದ.

ಒಂದು ಬೆಳಿಗ್ಗೆ ಕೆಂಪು ಸುರುಳಿ ಬಿಚ್ಚಿ ಎಳೆ ಎಲೆ ಹೊರಗೆ ಬಂದಿತ್ತು. ಬೋಳು ಬುಡದ ಮಗ್ಗುಲಲ್ಲೂ ಹಸಿರು ಚಿಗುರಿತ್ತು. ಜವರಯ್ಯ ಹೆಂಡತಿಯನ್ನು ಕರೆದು ತೋರಿಸಿದ್ದಲ್ಲದೆ ಬೀದಿಯವರನ್ನೆಲ್ಲ ಕರೆದು ತೋರಿಸಿದ.

ಬಾಣಂತನ ಮುಗಿದು ಗಗನ ಮಗುವಿನ ಜೊತೆ ಬಂದಳು. ತಾಯಿ ಸೋಮಮ್ಮನೂ ಬಂದಿದ್ದಳು. ಆರತಿ ಆದದ್ದೇ ಗಗನ ನೇರ ಕಿಟಕಿಯ ಹತ್ತಿರ ಹೋಗಿ ಹೊಸ ಎಲೆಯ ಮೇಲೆ ಬೆರಳಾಡಿಸಿದಳು. ಸೋಮಮ್ಮ ಹಿಂದೆಯೇ ನಿಂತು, ಗಂಡನ ಗಿಡವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಜವರಯ್ಯ ಬಗ್ಗಿ, ಕಡ್ಡಿಯಿಂದ ಬೇರೂರಿದ ಗಿಡದ ಕುಂಡವನ್ನೆತ್ತಿ ಅವಳ ಕೈಗಿಟ್ಟ. "ತಗಳಿ ಬೀಗ್ರೆ. ಮೇಷ್ಟ್ರ ಗಿಡ ಮೇಷ್ಟ್ರ ಮನೆಗೇ ಓಗ್ಲಿ."

ಸೋಮಮ್ಮ ಕುಂಡವನ್ನು ಎದೆಗೊತ್ತಿಕೊಂಡಳು. "ಇದುಕ್ಕೆ ನೀರು ಯಾವಾಗ್ಯಾವಾಗ ಆಕ್ಬೇಕು ಬೀಗ್ರೆ?"

ಮಗು ನೋಡಲು ಬಂದ ಬೀದಿಯವರೆಲ್ಲ ಅವನತ್ತ ತಿರುಗಿದರು. ಜವರಯ್ಯ ಹೆಗಲ ಟವಲು ಕೊಡವಿ ಹಾಕಿಕೊಂಡು, ಎದೆ ಸೆಟೆಸಿ, ನಾಲೆಯ ಏರಿ ಮೇಲಿಂದ ಗದ್ದೆಬಯಲಿಗೆಲ್ಲ ಕೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದ:

"ನಮ್ ಸೊಸೇನ ಕೇಳಿ. ನಾನೂ ಅವ್ಳನ್ನೇ ಕೇಳಿದ್ದು."