ಬಾಲ್ಕನಿಯ ತಟ್ಟೆ

ಶುಕ್ರವಾರ ಬಂತೆಂದರೆ ಒಮಾನಿನ ಅಲ್ ಖೌದ್ ಬಡಾವಣೆಯಲ್ಲಿ ಗೋಪಾಲಕೃಷ್ಣರ ಫ್ಲ್ಯಾಟಿನಲ್ಲಿ ಭಜನೆ, ಊಟ. ಘಾಲಾದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ದೂಮಪ್ಪನಿಗೆ ವಾರಕ್ಕೆ ಅದೊಂದೇ ರಜೆ. ಆ ದಿನವೂ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತುವವನು ಅವನೇ. ಹೊರುವಾಗ ಇಲ್ಲದ ಮೈಲಿಗೆ ಉಣ್ಣುವಾಗ ಎಲ್ಲಿಂದ ಬರುತ್ತಿತ್ತೋ, ಅವನ ಊಟ ಮಾತ್ರ ಬಾಲ್ಕನಿಯಲ್ಲಿ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಅವನಿಗೆಂದೇ ಒಂದು ಸ್ಟೀಲ್ ತಟ್ಟೆ ಇತ್ತು. ಉಂಡ ಮೇಲೆ ಅವನೇ ತೊಳೆದಿಡಬೇಕು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಹಿರಿಯರು ಹೇಳುತ್ತಿದ್ದರಂತೆ. ಶುದ್ಧ ಸುಳ್ಳು. ಲಗೇಜಿನ ಜೊತೆ ಅದೂ ಭದ್ರವಾಗಿ ವಿಮಾನದಲ್ಲಿ ಬಂದಿತ್ತು.

ಹೋಗಬೇಡಿ ಎಂದು ಹೆಂಡತಿ ವಾರಿಜಾಕ್ಷಿ ಎಷ್ಟೋ ಸಲ ಹೇಳಿದ್ದಳು. ಅವನು ನಗುತ್ತಿದ್ದ. "ಪರವೂರು ವಾರಿಜ. ಕಷ್ಟಕ್ಕೆ ನಾಲ್ಕು ಜನ ನಮ್ಮವರು ಬೇಕಲ್ಲ?"

ಜುಲೈ ತಿಂಗಳ ಒಂದು ಶುಕ್ರವಾರ ಭಜನೆ ಉದ್ದವಾಯಿತು. ವಾರಿಜಾಕ್ಷಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಮನೆಯೊಂದರಲ್ಲಿ ಅಡುಗೆಗೆ ಹೋಗಿದ್ದಳು. ದೂಮಪ್ಪನಿಗೆ ಮೊದಲೇ ಬಡಿಸಿ, ಬಾಲ್ಕನಿಗೆ ಕಳಿಸಿ, ಗಾಜಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಪರದೆ ಎಳೆದರು. ಮನೆಯ ಭಜನೆ ಬೀದಿಗೆ ಕೇಳಿಸಿದರೆ ಯಾರಾದರೂ ದೂರು ಕೊಟ್ಟಾರೆಂಬ ಅಂಜಿಕೆ ಭಜನೆಯವರಿಗೆ ಯಾವತ್ತೂ ಇತ್ತು. ಎ.ಸಿ.ಯ ತಂಪು ಹೋಗದಿರಲಿ ಎಂಬುದೂ ಇತ್ತು. ಹೊರಗೆ ಬೆಂಕಿಯಂಥ ಬಿಸಿಲು. ತಾಳದ ಸದ್ದಿನಲ್ಲಿ ಅವನು ಗಾಜು ಬಡಿದದ್ದು ಯಾರಿಗೂ ಕೇಳಿಸಲಿಲ್ಲ. ಮಂಗಳಾರತಿಯಾದ ಮೇಲೆ ಬಾಗಿಲು ತೆರೆದರೆ ಅವನು ಬಿದ್ದಿದ್ದ. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು. ಗಾಜಿನ ಮೇಲೆ ಸಾರು ಮೆತ್ತಿದ ಬೆರಳಿನ ಗುರುತಿತ್ತೆಂದು ಗೋಪಾಲಕೃಷ್ಣರ ಹೆಂಡತಿ ಲಲಿತಮ್ಮನವರೇ ಅಳುತ್ತಾ ಹೇಳಿದರು.

ದಹನದ ಅನುಮತಿಗೆ ಅರ್ಜಿ ತುಂಬಿದವರು ಗೋಪಾಲಕೃಷ್ಣರು. ಧರ್ಮವೆಂಬಲ್ಲಿ ಹಿಂದೂ ಎಂದು ಬರೆದರು. ಜಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಮೇಜಿನಾಚೆಯ ಒಮಾನಿ ಅಧಿಕಾರಿ ಎದ್ದು, ವಾರಿಜಾಕ್ಷಿಗೆ ತನ್ನ ಪಕ್ಕದ ಕುರ್ಚಿ ಕೊಟ್ಟು, ಗಾಜಿನ ಲೋಟದಲ್ಲಿ ನೀರು ತರಿಸಿದ. ಮದುವೆಯಾಗಿ ಬಂದ ಮೇಲೆ ಈ ಊರಲ್ಲಿ ಅವಳು ಮೊದಲ ಸಲ ಜನರೆದುರು ಅತ್ತದ್ದು ಆಗಲೇ.

ಹದಿಮೂರನೆಯ ದಿನ ಭಜನೆಯವರು ಅವಳನ್ನು ಕರೆಸಿದರು. ಪೊಲೀಸರ ವಿಚಾರಣೆ ಮುಗಿದಿರಲಿಲ್ಲ. ಮರುದಿನ ಅವಳು ಹೇಳಿಕೆ ಕೊಡಬೇಕಿತ್ತು.

"ನೋಡಮ್ಮ, ಹಣೇಲಿ ಬರೆದಿದ್ದನ್ನ ತಪ್ಪಿಸೋಕಾಗಲ್ಲ," ಎಂದರು ಗೋಪಾಲಕೃಷ್ಣರು. "ಈ ಪದ್ಧತಿ ನಾವು ಮಾಡಿದ್ದಲ್ಲ, ಹಿರಿಯರದ್ದು. ಈ ದೇಶದಲ್ಲಿ ನಾವು ಬೆರಳೆಣಿಕೆ ಜನ, ಒಗ್ಗಟ್ಟಾಗಿರಬೇಕು. ಚಿಲಕದ ವಿಷಯ ಎತ್ತಬೇಡ."

ಅಷ್ಟರಲ್ಲಿ ಲಲಿತಮ್ಮ ಊಟ ತಂದು ಬಾಲ್ಕನಿಯ ಬಾಗಿಲ ಬಳಿ ಇಟ್ಟರು. ಅಭ್ಯಾಸ ಬಿಟ್ಟೀತೇ? ತಂದದ್ದು ಅದೇ ತಟ್ಟೆಯಲ್ಲಿ. ಇಟ್ಟ ಮೇಲೆ ಅವರಿಗೇ ತಿಳಿಯಿತು.

ವಾರಿಜಾಕ್ಷಿ ತಟ್ಟೆಯನ್ನೇ ನೋಡಿದಳು.

"ಸತ್ತ ಮೇಲೆ ಅವರನ್ನು ನಿಮ್ಮೊಟ್ಟಿಗೆ ಸೇರಿಸಿ ಬರೆದ್ರಿ ಸಾರ್. ಬದುಕಿರುವಾಗ ಒಂದು ದಿನ ಒಳಗೆ ಕೂರಿಸ್ಲಿಕ್ಕೆ ಆಗ್ಲಿಲ್ಲ. ನಾಳೆ ನಾನು ಎಲ್ಲ ಹೇಳ್ತೇನೆ."

ಗೋಪಾಲಕೃಷ್ಣರು ಏನೋ ಹೇಳಹೊರಟರು. ಲಲಿತಮ್ಮ ಗಂಡನ ಮುಖ ನೋಡದೆ ಮೆಲ್ಲನೆ ಹೇಳಿದರು:

"ಚಿಲಕ ಹಾಕಿದ ಕೈ ನಂದು. ಅದನ್ನೂ ಹೇಳು."

ವಾರಿಜಾಕ್ಷಿ ಅನ್ನವನ್ನು ಅಡುಗೆಮನೆಯ ಪಾತ್ರೆಗೆ ಸುರಿದಳು. ತಟ್ಟೆ ತೊಳೆದು, ಒರೆಸಿ, ತನ್ನ ಚೀಲದೊಳಗಿಟ್ಟುಕೊಂಡು ಮೆಟ್ಟಿಲಿಳಿದಳು.